ಅಕ್ಕಡಿ ಸಾಲಿನ ಎಣ್ಣೆ: ಸೌತೆಕಾಯಿ ಬಟ್ಟಲಲ್ಲಿ ಸಿಕ್ಕ ಚರಿತ್ರೆ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಇವತ್ತಿನ ಚರಿತ್ರೆ ನಮ್ಮ ಮನೆ ಫ್ರಿಜ್ಜಿನಿಂದ ಶುರುವಾಗುತ್ತೆ.

ಹೋದ ವರ್ಷ ಅಪ್ಪನಿಗೆ ಬಿಪಿ ಇದೆ ಅಂತ ಗೊತ್ತಾಯ್ತು. ಡಾಕ್ಟರು ಉಪ್ಪು ಕಡಿಮೆ ಮಾಡಿ, ಹಸಿ ತರಕಾರಿ ಜಾಸ್ತಿ ತಿನ್ನಿ ಅಂದ್ರು. ಅದೇ ಸಂಜೆ ನಾನು ಸೂಪರ್ ಮಾರ್ಕೆಟ್ಟಿಂದ ಒಂದು ಸಲಾಡ್ ಡ್ರೆಸ್ಸಿಂಗ್ ಬಾಟಲಿ ತಂದೆ. ಮನೇಲಿದ್ದ ಉಪ್ಪಿನಕಾಯಿ ಜಾಡಿ ಬಚ್ಚಿಟ್ಟೆ. ಒಂದು ತಿಂಗಳಾದ ಮೇಲೆ ಬಾಟಲಿ ಹಿಂದಿನ ಸಣ್ಣ ಅಕ್ಷರ ಓದಿದ್ರೆ ಎಣ್ಣೆ, ಸಕ್ಕರೆ, ಉಪ್ಪು ಎಲ್ಲಾ ಮೊದಲ ಸಾಲಲ್ಲೇ ಇವೆ! ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ಅಂದ್ರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಮುಂಬಾಗಿಲಲ್ಲಿ ಉಪ್ಪು ತಡೆದು ಹಿತ್ತಿಲ ಬಾಗಿಲಿಂದ ನಾನೇ ಒಳಗೆ ಬಿಟ್ಟಿದ್ದೆ.

ಆ ಬಾಟಲಿ ಹಿಡ್ಕೊಂಡು ನಂಜನಗೂಡು ತಾಲ್ಲೂಕಿನ ಅಜ್ಜಿ ಊರಿಗೆ ಹೋದೆ. ಅಜ್ಜಿ ಅಂಗೈಗೆ ಒಂದು ತೊಟ್ಟು ಹಾಕ್ಕೊಂಡು ನೆಕ್ಕಿ ನೋಡಿದ್ರು. "ಇದಕ್ಕೆ ದುಡ್ಡು ಕೊಟ್ಯಾ ಮಗ? ಹುಳಿ, ಎಣ್ಣೆ, ಉಪ್ಪು ತಾನೆ? ನಾವು ಸೌತೆಕಾಯಿಗೆ ನಿಂಬೆಹಣ್ಣು ಹಿಂಡಿ ಹುಚ್ಚೆಳ್ಳೆಣ್ಣೆ ಬುಟ್ಕತಿದ್ದೊ."

ಹುಚ್ಚೆಳ್ಳಿನ ಚಟ್ನಿಪುಡಿ ನನಗೆ ಗೊತ್ತು. ಆದ್ರೆ ಅದರ ಎಣ್ಣೆಯನ್ನ ಕಣ್ಣಲ್ಲೂ ನೋಡಿರಲಿಲ್ಲ. ಎಲ್ಲಿ ಹೋಯ್ತು ಅದು?

ಸಲಾಡ್ ಅನ್ನೋ ಪದದ ಬೇರು ಲ್ಯಾಟಿನ್‌ನಲ್ಲಿದೆ, 'ಉಪ್ಪು ಹಾಕಿದ್ದು' ಅಂತ ಅರ್ಥ. ನಾವು ಕೋಸಂಬರಿಗೆ ಮಾಡೋದೂ ಹತ್ತಿರ ಹತ್ತಿರ ಅದೇ. ನಿಂಬೆಹಣ್ಣು ಅಥವಾ ಮಾವಿನಕಾಯಿ ಹುಳಿ, ಮೇಲೊಂದು ಒಗ್ಗರಣೆ. ಡ್ರೆಸ್ಸಿಂಗ್ ಅನ್ನೋ ಹೆಸರಿಡಲಿಲ್ಲ, ಅಷ್ಟೇ.

ಅದರ ಖಾರಕ್ಕೂ ಒಂದು ಕಥೆ ಇದೆ. ನಮ್ಮ ಮೈಸೂರು ಸೀಮೆಯ ಕಲ್ಲಹಳ್ಳಿಯ ಮೂರನೇ ಮಂಗರಸ 16ನೇ ಶತಮಾನದ ಆರಂಭದಲ್ಲಿ 'ಸೂಪಶಾಸ್ತ್ರ' ಅಂತ ಪದ್ಯದಲ್ಲೇ ಅಡುಗೆ ಪುಸ್ತಕ ಬರೆದ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿದ್ದು 1498ರಲ್ಲಿ. ಅಮೆರಿಕದ ಮೆಣಸಿನಕಾಯಿ ಪೋರ್ಚುಗೀಸರ ಹಡಗು ಹತ್ತಿ ನಮ್ಮ ಅಡುಗೆಮನೆ ಸೇರಿದ್ದು ಅದಾದ ಮೇಲೆ. ಅಲ್ಲಿತನಕ ಖಾರ ಅಂದ್ರೆ ಕಾಳುಮೆಣಸು, ಶುಂಠಿ. ಇವತ್ತೂ ಎಷ್ಟೋ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಕಾಳುಮೆಣಸೇ ಹಾಕೋದು.

ಎಣ್ಣೆ ವಿಷಯಕ್ಕೆ ಬರೋಣ, ನನ್ನ ತಲೆ ಕೆಡಿಸಿದ್ದು ಅದೇ. ಹೊಯ್ಸಳರ ಕಾಲದ ಶಾಸನಗಳಲ್ಲಿ 'ಗಾಣದೆರೆ' ಅನ್ನೋ ಪದ ಬರುತ್ತೆ. ಎಣ್ಣೆ ಗಾಣದ ಮೇಲಿನ ತೆರಿಗೆ ಅದು. ದೇವರ ದೀಪಕ್ಕೆ ಇಷ್ಟು ಎಣ್ಣೆ ಅಂತ ಗಾಣಗಳಿಂದ ದಾನ ಬಿಡೋದೂ ಇತ್ತು. ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ದೇವಸ್ಥಾನ 13ನೇ ಶತಮಾನದ್ದು. ಅಲ್ಲಿಗೆ ಹೋದ್ರೆ ಶಿಲ್ಪದ ಫೋಟೋ ತೆಗೆಯೋ ಜೊತೆಗೆ, ಆ ಕತ್ತಲೆ ಗರ್ಭಗುಡಿಗೆ ಎಣ್ಣೆ ಕೊಟ್ಟವರು ಯಾರು ಅಂತಾನೂ ಒಂದ್ಸಲ ಯೋಚಿಸಿ. ನರಸೀಪುರದ ನಮ್ಮ ಅತ್ತೆ ಮನೆ ಹಿತ್ತಿಲಲ್ಲಿ ಹಳೇ ಕಲ್ಲುಗಾಣ ಅರ್ಧ ಮಣ್ಣಲ್ಲಿ ಹೂತಿದೆ. ಈಗ ಅದಕ್ಕೆ ಹಸು ಕಟ್ತಾರೆ.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಬ್ರಿಟಿಷ್ ಡಾಕ್ಟರು ಮೈಸೂರು ಸೀಮೆ ಸುತ್ತಿದ. ಕಾವೇರಿಯಿಂದ ದಕ್ಷಿಣದ ಈ ಭಾಗದಲ್ಲೂ ಓಡಾಡಿದ. 1807ರಲ್ಲಿ ಲಂಡನ್‌ನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಹುಚ್ಚೆಳ್ಳು ಅದೇ ಕನ್ನಡ ಹೆಸರಲ್ಲಿದೆ. ಅಂದ್ರೆ ರೈತರನ್ನ ಕೇಳಿಯೇ ಬರೆದಿದ್ದಾನೆ. ಈ ಗಿಡದ ತವರು ಇಥಿಯೋಪಿಯಾ, ಅಲ್ಲಿ ಇದನ್ನ ನೂಗ್ ಅಂತಾರೆ.

ನಮ್ಮಲ್ಲಿ ಇದನ್ನ ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಹಾಕ್ತಿದ್ರು. ಇಷ್ಟು ಸಾಲು ರಾಗಿ ಆದ್ಮೇಲೆ ಒಂದು ಸಾಲು ಅವರೆ, ಜೋಳ ಅಥವಾ ಹುಚ್ಚೆಳ್ಳು. ದನ ಇದಕ್ಕೆ ಅಷ್ಟಾಗಿ ಬಾಯಿ ಹಾಕಲ್ಲ, ಅದಕ್ಕೇ ಹೊಲದ ಅಂಚಿಗೂ ಹಾಕ್ತಿದ್ರು. ಹಳದಿ ಹೂವಿಗೆ ಜೇನು ಬರೋದು, ಕಾಳು ಗಾಣಕ್ಕೆ, ಹಿಂಡಿ ಹಸುವಿಗೆ.

1974ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿ ಹತ್ತಿರ ಕಬಿನಿ ಅಣೆಕಟ್ಟು ಮುಗೀತು. ನದಿ ಪಕ್ಕದ ಭತ್ತದ ಗದ್ದೆ ಹೊಸದೇನಲ್ಲ. ಹುಲ್ಲಹಳ್ಳಿಯ ಹಳೇ ಅಣೆ, ತಲಕಾಡಿನ ಕಡೆ ಮಾಧವಮಂತ್ರಿ ಅಣೆ ಮುಂಚಿನಿಂದಲೂ ಇದ್ದವು. ಈಗ ನಾಲೆ ನೀರು ರಾಗಿ ಹೊಲಗಳಿಗೂ ಹತ್ತಿತು. ರಾಗಿ ಇದ್ದ ಕಡೆ ಭತ್ತ, ಕಬ್ಬು. ನೀರು ನಿಲ್ಲೋ ಗದ್ದೆಯಲ್ಲಿ ಅಕ್ಕಡಿ ಸಾಲಿಗೆ ಜಾಗ ಎಲ್ಲಿ? ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಸೂರ್ಯಕಾಂತಿ ಬಂತು. ಎಣ್ಣೆ ಬೆಳೆಯಾಗಿ ಅದರ ತಳಿಗಳು ಸೋವಿಯತ್ ಒಕ್ಕೂಟದಿಂದ ಭಾರತಕ್ಕೆ ಬಂದಿದ್ದು 1969ರಲ್ಲಿ, ಆಮೇಲೆ ಕರ್ನಾಟಕ ಅದನ್ನ ಬೆಳೆಯೋ ದೊಡ್ಡ ರಾಜ್ಯವಾಯ್ತು. ಬಣ್ಣ, ವಾಸನೆ ಏನೂ ಇಲ್ಲದ ರಿಫೈನ್ಡ್ ಎಣ್ಣೆ ಪ್ಯಾಕೆಟ್ ಊರಿನ ಅಂಗಡಿಗೆ ಬಂತು. ಗಾಣ ನಿಂತಿತು.

ನಾನು ಇಷ್ಟು ಹೇಳಿ "ಎಂಥಾ ಅನ್ಯಾಯ ಅಲ್ವಾ ಅಜ್ಜಿ" ಅಂದೆ. ಅಜ್ಜಿ ನನ್ನ ಮುಖಾನೇ ನೋಡಿದ್ರು. "ನಾಲೆ ಬಂದ ಮೇಲೆ ಕನವ್ವ, ಹಬ್ಬ ಅಲ್ದೆ ಇದ್ದಾಗ್ಲೂ ನಿಮ್ಮಪ್ಪ ಅನ್ನ ಉಂಡಿದ್ದು."

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಸರಿ, ಬಟ್ಟಲಿಗೆ ವಾಪಸ್ ಬರೋಣ. ಮೈಸೂರಲ್ಲಿ ಈಗ ಗಾಣದ ಎಣ್ಣೆ ಅಂಗಡಿಗಳಿವೆ, ಒಂದು ಕಡೆ ಹುಚ್ಚೆಳ್ಳೆಣ್ಣೆ ಸಿಕ್ತು. ಚಿಕ್ಕ ಬಾಟಲಿ ತಗೊಳ್ಳಿ. ಇದರಲ್ಲಿ ಲಿನೋಲೆಯಿಕ್ ಆಮ್ಲ ಜಾಸ್ತಿ, ಬೇಗ ಕಮಟು ವಾಸನೆ ಬರುತ್ತೆ. ನಾಲ್ಕು ಜನರಿಗೆ ಎರಡು ಚಮಚ ಎಣ್ಣೆ, ಒಂದು ನಿಂಬೆಹಣ್ಣಿನ ರಸ, ಹುರಿದು ಪುಡಿ ಮಾಡಿದ ಹುಚ್ಚೆಳ್ಳು ಒಂದು ಚಮಚ, ಕುಟ್ಟಿದ ಕಾಳುಮೆಣಸು, ತುರಿದ ಶುಂಠಿ, ಕಡಲೆಕಾಳಷ್ಟು ಬೆಲ್ಲ. ಎಲ್ಲಾ ಮುಚ್ಚಳದ ಜಾಡಿಗೆ ಹಾಕಿ ಜೋರಾಗಿ ಕುಲುಕಿ. ಎಣ್ಣೆ, ಹುಳಿ ತಾವಾಗೇ ಬೆರೆಯಲ್ಲ, ಆದ್ರೆ ಆ ಪುಡಿ ಇದ್ರೆ ಸ್ವಲ್ಪ ಹೊತ್ತು ಜೊತೆಗಿರ್ತವೆ. ಎಣ್ಣೆ ಬೇಡ ಅನ್ನೋರು ಬದಲಿಗೆ ಕಡೆದ ಮೊಸರು ಹಾಕಿ, ಅದನ್ನ ಅವತ್ತೇ ಮುಗಿಸಿ. ಯಾವ ಗಾಣದ್ದಾದ್ರೂ ಎಣ್ಣೆ ಎಣ್ಣೆನೇ, ಗ್ರಾಂಗೆ 9 ಕ್ಯಾಲೊರಿ. ಉಪ್ಪು ಕೊನೆಗೆ, ತಟ್ಟೆಗೆ ಬಡಿಸಿದ ಮೇಲೆ ಒಂದೇ ಚಿಟಿಕೆ. ಮೊದಲೇ ಹಾಕಿದ್ರೆ ಸೌತೆಕಾಯಿ ನೀರು ಬಿಡುತ್ತೆ, ರುಚಿ ಆ ನೀರಿಗೆ ಹೋಗುತ್ತೆ, ನೀವು ಮತ್ತೆ ಉಪ್ಪು ಹಾಕ್ತೀರಿ.

ಅಪ್ಪನ ಬಿಪಿ ಇಳೀತಾ ಅಂತ ಕೇಳ್ಬೇಡಿ. ಮಾತ್ರೆ ತಗೋತಿದ್ದಾರೆ, ತಗೋತಾನೇ ಇರ್ತಾರೆ. ಆದ್ರೆ ಮೊದಲ ತುತ್ತಿಗೆ ಅಗಿಯೋದು ನಿಲ್ಲಿಸಿ, "ಇದು ನಮ್ಮವ್ವನ ಹೊಲದ ವಾಸನೆ" ಅಂದ್ರು.

ಊರಲ್ಲಿ ಚಿಕ್ಕಪ್ಪನ ಹತ್ರ ನಾಲೆ ನೀರು ಹತ್ತದ ಒಂದು ತುಂಡು ಹೊಲ ಉಳಿದಿದೆ. ಈ ಮಳೆಗಾಲಕ್ಕೆ ರಾಗಿ ಮಧ್ಯೆ ಎರಡು ಸಾಲು ಹುಚ್ಚೆಳ್ಳು ಹಾಕ್ತೀನಿ ಅಂದಿದ್ದಾರೆ. ಬಿತ್ತನೆ ಬೀಜ ಹುಡುಕೋ ಕೆಲಸ ನನಗೆ ಬಿದ್ದಿದೆ, ನಿಮ್ಮ ಊರಲ್ಲಿ ಯಾರ ಹತ್ರನಾದ್ರೂ ಇದ್ರೆ ತಿಳಿಸಿ. ಮುಂದಿನ ವಾರ ಸಿಗೋಣ.