200 ಕೆಜಿಯಿಂದ 11.5 ಕೆಜಿಗೆ: ಪಿಯಾನೊ ಮನೆಯೊಳಗೆ ಬಂದ ದಾರಿ

ಹಳ್ಳಿ ನಾಟಕದ ಹ್ಯಾಂಡ್‌ಬಿಲ್ ನೋಡಿದವರಿಗೆ ಗೊತ್ತು. ಪಾತ್ರಧಾರಿಗಳ ಹೆಸರು ಮುಗಿದ ಮೇಲೆ ಸಂಗೀತದವರ ಸಾಲು ಬರುತ್ತದೆ. ಹಾರ್ಮೋನಿಯಂ, ತಬಲಾ, ಆಮೇಲೆ ಕ್ಯಾಸಿಯೊ. ನಿಜಕ್ಕೂ ಕ್ಯಾಸಿಯೊ ಎಂಬುದು ವಾದ್ಯದ ಹೆಸರಲ್ಲ. ಕ್ಯಾಲ್ಕುಲೇಟರ್, ವಾಚು ಮಾಡುವ ಜಪಾನಿನ ಕಂಪನಿಯೊಂದರ ಹೆಸರು. ಅದು ನಮ್ಮಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡಿಗೇ ಅಂಟಿಕೊಂಡಿದೆ. ವಾದ್ಯ ಯಾವ ಕಂಪನಿಯದ್ದಾದರೂ ಜನರ ಬಾಯಲ್ಲಿ ಅದು ಕ್ಯಾಸಿಯೊನೇ.

ಈಗ ಅಂಗಡಿಯಲ್ಲೂ ಮೊಬೈಲಿನಲ್ಲೂ ಅದರ ಪಕ್ಕದಲ್ಲೇ ‘ಡಿಜಿಟಲ್ ಪಿಯಾನೊ’ ಎಂಬ ಇನ್ನೊಂದು ಕಾಣಿಸುತ್ತದೆ. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ ಥರ. ಆದರೆ ಪಿಯಾನೊದ ಬೆಲೆ ಜಾಸ್ತಿ. ಮನೆಯಲ್ಲಿ ಮಗ ಅಥವಾ ಮಗಳು ಕಲಿಯುತ್ತೇನೆ ಎಂದಾಗ ಅಪ್ಪ ಅಮ್ಮನಿಗೆ ಬರುವ ಪ್ರಶ್ನೆ ಸಹಜ: ಆ ಹೆಚ್ಚಿನ ದುಡ್ಡು ಯಾತಕ್ಕೆ? ಅದಕ್ಕೆ ಉತ್ತರ ಬೇಕಾದರೆ 300 ವರ್ಷ ಹಿಂದಕ್ಕೆ, ಇಟಲಿಗೆ ಹೋಗಬೇಕು.

ಬೆರಳಿನ ಮಾತು ಕೇಳಿದ ಪೆಟ್ಟಿಗೆ

ಫ್ಲಾರೆನ್ಸ್ ನಗರದ ಮೆಡಿಚಿ ರಾಜಮನೆತನದಲ್ಲಿ ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ ಎಂಬ ಕುಶಲಕರ್ಮಿ ಇದ್ದರು. ವಾದ್ಯ ಮಾಡುವುದು, ರಿಪೇರಿ ಮಾಡುವುದು ಅವರ ಕೆಲಸ. ಆಗ ದೊಡ್ಡ ಮನೆಗಳಲ್ಲಿದ್ದದ್ದು ಹಾರ್ಪ್ಸಿಕಾರ್ಡ್. ಅದರ ಕೀ ಒತ್ತಿದರೆ ಹಕ್ಕಿಯ ಗರಿಯಿಂದ ಮಾಡಿದ ಸಣ್ಣ ಮೊನೆ ಒಳಗಿನ ತಂತಿಯನ್ನು ಮೀಟುತ್ತಿತ್ತು. ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿ, ಸದ್ದು ಹೆಚ್ಚುಕಡಿಮೆ ಅಷ್ಟೇ.

1700ರ ಹೊತ್ತಿಗೆ ಕ್ರಿಸ್ಟೊಫೊರಿ ಗರಿ ತೆಗೆದು ಪುಟ್ಟ ಸುತ್ತಿಗೆ ಇಟ್ಟರು. ಕೀ ಒತ್ತಿದರೆ ಸುತ್ತಿಗೆ ಹಾರಿ ತಂತಿಗೆ ಹೊಡೆದು ತಕ್ಷಣ ಹಿಂದೆ ಬೀಳುತ್ತದೆ. ಮೆಲ್ಲಗೆ ಒತ್ತಿದರೆ ಮೆಲ್ಲನೆಯ ದನಿ, ಜೋರಾಗಿ ಒತ್ತಿದರೆ ಜೋರು ದನಿ. ಇಟಾಲಿಯನ್ ಭಾಷೆಯಲ್ಲಿ ‘ಪಿಯಾನೊ’ ಎಂದರೆ ಮೆಲ್ಲಗೆ, ‘ಫೋರ್ಟೆ’ ಎಂದರೆ ಜೋರಾಗಿ. ಎರಡೂ ಸೇರಿ ಬಂದ ಹೆಸರು ಪಿಯಾನೊಫೋರ್ಟೆ. ನಾವು ಅರ್ಧ ಮಾತ್ರ ಉಳಿಸಿಕೊಂಡು ಪಿಯಾನೊ ಎನ್ನುತ್ತೇವೆ. ಕ್ರಿಸ್ಟೊಫೊರಿ ಮಾಡಿದವುಗಳಲ್ಲಿ ಮೂರು ಈಗಲೂ ಉಳಿದಿವೆ. 1720ರದ್ದು ನ್ಯೂಯಾರ್ಕಿನಲ್ಲಿದೆ, 1722ರದ್ದು ರೋಮಿನಲ್ಲಿ, 1726ರದ್ದು ಜರ್ಮನಿಯ ಲೈಪ್‌ಜಿಗ್‌ನಲ್ಲಿ.

ಹಾರ್ಮೋನಿಯಂ ಮಾಸ್ತರರನ್ನು ಕೇಳಿದರೆ ವ್ಯತ್ಯಾಸ ತಕ್ಷಣ ಹೇಳುತ್ತಾರೆ. ಹಾರ್ಮೋನಿಯಂನಲ್ಲಿ ದನಿ ಏರುವುದು, ಇಳಿಯುವುದು ತಿದಿ ಒತ್ತುವ ಕೈಯಿಂದ. ಪಿಯಾನೊದಲ್ಲಿ ಆ ಕೆಲಸ ಪೂರ್ತಿ ಬೆರಳಿನದ್ದು. ಹತ್ತು ಬೆರಳಿಗೂ ಬೇರೆ ಬೇರೆ ಲೆಕ್ಕ. ಪಿಯಾನೊ ಅಭ್ಯಾಸ ಎಂದರೆ ಬಹುಪಾಲು ಈ ಲೆಕ್ಕವನ್ನು ಬೆರಳಿಗೆ ಕಲಿಸುವುದೇ.

ಅರಮನೆಯಿಂದ ಗೋಡೆಯ ಪಕ್ಕಕ್ಕೆ

ಅರಮನೆಯ ವಾದ್ಯ ಸಾಮಾನ್ಯರ ಮನೆಗೆ ಬರಲು ಚಿಕ್ಕದಾಗಬೇಕಿತ್ತು. ಲಂಡನ್ನಿನಲ್ಲಿ ನೆಲೆಸಿದ್ದ ಜರ್ಮನಿಯ ಯೋಹಾನೆಸ್ ಜುಂಪೆ 1760ರ ದಶಕದಲ್ಲಿ ಮೇಜಿನಂತಹ ಚೌಕ ಪಿಯಾನೊ ಮಾಡಿದರು. ಒಳಗಿನ ಯಂತ್ರ ಸರಳ, ಬೆಲೆಯೂ ಕಡಿಮೆ. ಮಧ್ಯಮ ವರ್ಗದ ಮನೆಗಳು ಕೊಳ್ಳತೊಡಗಿದವು.

19ನೇ ಶತಮಾನದಲ್ಲಿ ದನಿ ದೊಡ್ಡದಾಗಬೇಕೆಂದು ತಂತಿ ಬಿಗಿ ಮಾಡಿದರು. ಮರ ಆ ಎಳೆತ ತಡೆಯಲಿಲ್ಲ. 1825ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಆಲ್ಫಿಯಸ್ ಬ್ಯಾಬ್‌ಕಾಕ್ ಎಂಬವರು ಎರಕದ ಕಬ್ಬಿಣದ ಚೌಕಟ್ಟಿಗೆ ಪೇಟೆಂಟ್ ಪಡೆದರು. ಇವತ್ತಿನ ದೊಡ್ಡ ಪಿಯಾನೊದಲ್ಲಿ ಎಲ್ಲ ತಂತಿಗಳ ಎಳೆತ ಸೇರಿದರೆ ಸುಮಾರು 20 ಟನ್. ಗೋಡೆಗೆ ಒರಗಿಸುವ ನಿಂತ ಪಿಯಾನೊ ಜಾಗವನ್ನೇನೋ ಉಳಿಸಿತು, ತೂಕ ಮಾತ್ರ 200 ಕೆಜಿ ಆಸುಪಾಸು. ಎತ್ತಲು ನಾಲ್ಕು ಆಳು ಬೇಕು. ಶ್ರುತಿ ಸರಿಮಾಡಲು ಆಗಾಗ ನುರಿತವರು ಬರಬೇಕು.

ಭಾರತ ಇದಕ್ಕೆ ಬೇರೆ ದಾರಿ ಹಿಡಿಯಿತು. ಪ್ಯಾರಿಸ್ಸಿನ ಅಲೆಕ್ಸಾಂಡರ್ ಡಿಬೇನ್ 1842ರಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂ ಕಾಲಿನಿಂದ ತುಳಿಯುವಂಥದ್ದು. ನಮ್ಮ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ಆ ವಂಶದ್ದು. 19ನೇ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ನುಡಿಸುವ ಕೈಪೆಟ್ಟಿಗೆಯಾಗಿ ರೂಪಿಸಿದರು. ತಂತಿ ಇಲ್ಲ, ತೂಕ ಕಡಿಮೆ, ಮಳೆಗಾಲಕ್ಕೂ ಶ್ರುತಿ ಅಷ್ಟು ಬೇಗ ಕೆಡದು. ಭಜನೆ ಮನೆಗೂ ನಾಟಕದ ತಾಲೀಮಿಗೂ ಅದು ಬಂದದ್ದು ಹೀಗೆ. ಆದರೆ ಬೆರಳಿನ ಲೆಕ್ಕ ಅದರಲ್ಲಿ ಇರಲಿಲ್ಲ.

ಜಪಾನಿನ ತೆಳು ಗೋಡೆ

1887ರಲ್ಲಿ ಜಪಾನಿನ ಹಮಾಮಾತ್ಸು ಊರಿನ ಪ್ರಾಥಮಿಕ ಶಾಲೆಯಲ್ಲಿ ವಿದೇಶಿ ರೀಡ್ ಆರ್ಗನ್ ಒಂದು ಕೆಟ್ಟಿತು. ರಿಪೇರಿಗೆ ಬಂದವರು ತೊರಾಕುಸು ಯಮಾಹಾ. ಬಿಚ್ಚಿ ನೋಡಿ, ಇದನ್ನು ನಾವೇ ಮಾಡಬಹುದಲ್ಲ ಎಂದುಕೊಂಡರು. ತಾವು ಮಾಡಿದ ಆರ್ಗನ್ನನ್ನು ಬಡಿಗೆಗೆ ಕಟ್ಟಿ ಇಬ್ಬರು ಹೆಗಲ ಮೇಲೆ ಹೊತ್ತು, ಹಕೋನೆ ಬೆಟ್ಟ ದಾಟಿ ಟೋಕಿಯೊಗೆ ಪರೀಕ್ಷೆಗೆ ಒಯ್ದರು. 1900ರಲ್ಲಿ ಅವರ ಕಂಪನಿ ಮೊದಲ ನಿಂತ ಪಿಯಾನೊ ತಯಾರಿಸಿತು.

ಎರಡನೇ ಮಹಾಯುದ್ಧದ ನಂತರ ಜಪಾನಿನ ಮಧ್ಯಮ ವರ್ಗಕ್ಕೆ ಮಕ್ಕಳಿಗೆ ಪಿಯಾನೊ ಕಲಿಸುವುದು ದೊಡ್ಡ ಆಸೆಯಾಯಿತು. ಆದರೆ ವಾಸ ವಠಾರದಂತಹ ಚಿಕ್ಕ ಚಿಕ್ಕ ಫ್ಲಾಟುಗಳಲ್ಲಿ. ಒಂದು ಮನೆಯ ಅಭ್ಯಾಸ ಪಕ್ಕದ ಮನೆಯ ತಲೆನೋವು. 1974ರ ಆಗಸ್ಟಿನಲ್ಲಿ ಹಿರಾತ್ಸುಕಾ ಊರಿನಲ್ಲಿ ಪಿಯಾನೊ ಸದ್ದಿನ ಸಿಟ್ಟಿಗೆ ಒಬ್ಬ, ಅದೇ ಕಟ್ಟಡದ ತಾಯಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೊಂದ. ದೇಶವೇ ಬೆಚ್ಚಿತು. ಮನೆಯ ಸಂಗೀತ ನೆರೆಯವರಿಗೆ ಹಿಂಸೆಯಾಗಬಾರದು ಎಂಬ ಚರ್ಚೆ ಎದ್ದಿತು. ಡಿಜಿಟಲ್ ಪಿಯಾನೊದ ಹೆಡ್‌ಫೋನ್ ಕಿಂಡಿ ನಮಗೆ ಸಣ್ಣ ಸೌಲಭ್ಯದಂತೆ ಕಾಣಬಹುದು. ಅಂಥ ಊರುಗಳಲ್ಲಿ ಮಗು ನಿತ್ಯ ಅಭ್ಯಾಸ ಮಾಡಬಹುದೋ ಇಲ್ಲವೋ ಎಂಬುದೇ ಅದರ ಮೇಲೆ ನಿಂತಿತ್ತು.

ತಂತಿ ಹೋಯಿತು, ಭಾರ ಉಳಿಯಿತು

ರೋಲ್ಯಾಂಡ್ ಕಂಪನಿ ಕಟ್ಟಿದ ಇಕುತಾರೊ ಕಾಕೆಹಾಶಿ ಮೊದಲು ವಾಚ್ ರಿಪೇರಿ ಮಾಡುತ್ತಿದ್ದವರು. 1974ರಲ್ಲಿ ಅವರ ಕಂಪನಿ, ಬೆರಳಿನ ಬಿರುಸಿಗೆ ತಕ್ಕಂತೆ ದನಿ ಕೊಡುವ ಎಲೆಕ್ಟ್ರಾನಿಕ್ ಪಿಯಾನೊ ತಂದಿತು. 1980ರಲ್ಲಿ ಕ್ಯಾಸಿಯೊದ ತೊಷಿಯೊ ಕಾಶಿಯೊ ‘ಕ್ಯಾಸಿಯೊಟೋನ್’ ತಂದರು. ಅದು ಹಗುರ, ಹಲವು ವಾದ್ಯಗಳ ದನಿ ಕೊಡುತ್ತಿತ್ತು. ಆದರೆ ಕೀ ಹೇಗೆ ಒತ್ತಿದರೂ ಸದ್ದು ಒಂದೇ. ಕ್ರಿಸ್ಟೊಫೊರಿ ಬಿಡಿಸಿದ್ದ ಗಂಟು ಮತ್ತೆ ಬಿದ್ದಿತ್ತು.

ಹಾಗೆಂದು ಅದನ್ನು ಹಗುರವಾಗಿ ನೋಡಬೇಕಿಲ್ಲ. 1985ರಲ್ಲಿ ಜಮೈಕಾ ದೇಶದ ರೆಗ್ಗೆ ಸಂಗೀತದ ದಿಕ್ಕು ಬದಲಿಸಿದ ಹಾಡೊಂದು ಹುಟ್ಟಿದ್ದು ಪುಟ್ಟ ಕ್ಯಾಸಿಯೊದೊಳಗೆ ಮೊದಲೇ ತುಂಬಿಟ್ಟಿದ್ದ ತಾಳದಿಂದ. ನಮ್ಮ ಆರ್ಕೆಸ್ಟ್ರಾಗಳೂ ಇಂಥ ಕೀಬೋರ್ಡಿನಿಂದಲೇ ಬೆಳೆದವು.

ಪಿಯಾನೊ ಕಲಿಯುವವರಿಗೆ ಬೇಕಿದ್ದದ್ದು ಬೇರೆ. 1983ರಲ್ಲಿ ಯಮಾಹಾ ‘ಕ್ಲಾವಿನೋವಾ’ ಎಂಬ ಮನೆಬಳಕೆಯ ಡಿಜಿಟಲ್ ಪಿಯಾನೊ ಸಾಲು ಶುರು ಮಾಡಿತು. ಇಂದಿನ ಡಿಜಿಟಲ್ ಪಿಯಾನೊದೊಳಗೆ ತಂತಿ ಇಲ್ಲ. ಬಹುತೇಕ ಇಂಥ ವಾದ್ಯಗಳಲ್ಲಿ ನಿಜವಾದ ಪಿಯಾನೊದ ದನಿಯನ್ನು ರೆಕಾರ್ಡ್ ಮಾಡಿ ಚಿಪ್ಪಿನಲ್ಲಿ ಇಟ್ಟಿರುತ್ತಾರೆ. ಪ್ರತಿ ಕೀ ಕೆಳಗೆ ಕನಿಷ್ಠ ಎರಡು ಸೆನ್ಸರ್. ಕೀ ಮೊದಲನೆಯದನ್ನು ಮುಟ್ಟಿ ಎರಡನೆಯದಕ್ಕೆ ತಲುಪುವ ಹೊತ್ತನ್ನು ಅಳೆಯುತ್ತದೆ. ಹೊತ್ತು ಕಡಿಮೆಯಾದರೆ ಜೋರಾಗಿ ಒತ್ತಿದ್ದಾರೆ ಎಂದು ಲೆಕ್ಕ. ಬೆರಳಿಗೆ ಭಾರ ತಾಗಲೆಂದು ಕೀಗೆ ಸುತ್ತಿಗೆಯಂತಹ ತೂಕ ಜೋಡಿಸುತ್ತಾರೆ. ಎಡಗಡೆಯ ಮಂದ್ರದ ಕೀ ಕೊಂಚ ಭಾರ, ಬಲಗಡೆಯ ತಾರದ ಕೀ ಹಗುರ, ನಿಜ ಪಿಯಾನೊದಂತೆಯೇ.

2015ರಲ್ಲಿ ಬಂದ ಯಮಾಹಾ ಪಿ-45 ಇದಕ್ಕೆ ಒಳ್ಳೆಯ ಉದಾಹರಣೆ. ದೊಡ್ಡ ಪಿಯಾನೊದಷ್ಟೇ 88 ಕೀ. ಅಗಲ ಒಂದು ಅಡಿಗಿಂತ ಕಡಿಮೆ, ತೂಕ 11.5 ಕೆಜಿ. ಒಬ್ಬರೇ ಎತ್ತಿ ಅಟ್ಟದ ಮೇಲಿಡಬಹುದು. ಶ್ರುತಿ ಮಾಡಿಸುವ ತಾಪತ್ರಯವಿಲ್ಲ.

ಅಂದರೆ ಹೆಚ್ಚಿನ ದುಡ್ಡು ಹೋಗುವುದು ಮುಖ್ಯವಾಗಿ ಆ ಭಾರಕ್ಕೆ. ನಾಟಕಕ್ಕೆ, ಭಾವಗೀತೆಗೆ, ಆರ್ಕೆಸ್ಟ್ರಾಕ್ಕೆ ಹಗುರ ಕೀಬೋರ್ಡೇ ಸಾಕು, ಎಷ್ಟೋ ಸಲ ಅದೇ ಅನುಕೂಲ. ಪಿಯಾನೊವನ್ನೇ ಕಲಿಯುವ ಮಗುವಿಗೆ ಮಾತ್ರ ಹಗುರ ಕೀ ಮೇಲೆ ಪಳಗಿದ ಬೆರಳು ಮುಂದೆ ನಿಜ ಪಿಯಾನೊ ಮುಂದೆ ಕೂತಾಗ ತಡವರಿಸುತ್ತದೆ. ಕರೆಂಟಿನ ಮಾತೂ ಇದೆ. ಪಿ-45 ಅಡಾಪ್ಟರಿನಿಂದ ನಡೆಯುವಂಥದ್ದು, ಸಂಜೆ ಕರೆಂಟ್ ಹೋದರೆ ಅಭ್ಯಾಸವೂ ನಿಲ್ಲುತ್ತದೆ. ಹಾರ್ಮೋನಿಯಂಗೆ ಆ ಚಿಂತೆ ಇಲ್ಲ.

ಅಂಗಡಿಗೆ ಹೋದಾಗ ಎಷ್ಟು ಬಗೆಯ ದನಿ ಇದೆ ಎಂದು ಮೊದಲು ಕೇಳಬೇಡಿ. ಒಂದೇ ಕೀಯನ್ನು ಮೆಲ್ಲಗೆ ಒತ್ತಿ, ಆಮೇಲೆ ಜೋರಾಗಿ ಒತ್ತಿ ನೋಡಿ. ದನಿ ಬದಲಾಗಬೇಕು, ಬೆರಳಿಗೆ ಭಾರವೂ ತಾಗಬೇಕು. ಆಗ ಅದು ಪಿಯಾನೊ.