ಕಚೇರಿಗೆ ಹೋಗಿಬಂದ ಲೆಕ್ಕ

1984ರಲ್ಲಿ ನಾನು ಈ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದೆ. ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಬೇಕಾಯಿತು. ಅಪ್ಪ ಮೂರು ಸಲ ಕಚೇರಿಗೆ ಅಲೆದರು. ಒಂದು ದಿನ ಸಾಹೇಬರು ಕ್ಯಾಂಪು, ಇನ್ನೊಂದು ದಿನ ಗುಮಾಸ್ತರು ರಜೆ. ಬಸ್ ಚಾರ್ಜು, ಮೂರು ದಿನದ ಕೂಲಿ ಸೇರಿಸಿದರೆ ಬಂದ ಹಣದಲ್ಲಿ ಅರ್ಧ ಅದಕ್ಕೇ ಹೋಗಿತ್ತು. "ಸರ್ಕಾರ ಕೊಡೋದು ಪುಕ್ಕಟೆ ಕಣೋ, ಇಸ್ಕೊಂಡು ಬರೋಕೆ ದುಡ್ಡು ಬೇಕು" ಎಂದಿದ್ದರು. ಮುಂದೆ ಮೇಷ್ಟ್ರಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಗಳಲ್ಲೆಲ್ಲ ಕೆಲಸ ಮಾಡಿದೆ. ಅಧಿಕಾರ ವಿಕೇಂದ್ರೀಕರಣ ಎಂಬ ಮಾತು ಕೇಳಿದಾಗಲೆಲ್ಲ ಅಪ್ಪನ ಈ ಲೆಕ್ಕವೇ ನೆನಪಾಗುತ್ತದೆ.

ಆ ಹೊತ್ತಿಗಾಗಲೇ ರಾಮಕೃಷ್ಣ ಹೆಗಡೆಯವರ ಸರ್ಕಾರ 1983ರ ಕಾಯ್ದೆ ತಂದಿತ್ತು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಕಾಲು ಭಾಗ ಸ್ಥಾನ ಹೆಂಗಸರಿಗೆ. ಇದಕ್ಕೆಲ್ಲ ದುಡಿದವರು ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡವರು. ಬರದ ಸೀಮೆ ಜಗಳೂರಿನವರಿಗೆ ಆ ಹೆಸರಿನ ಬೆಲೆ ನಾನು ಹೇಳಬೇಕಿಲ್ಲ. ಶಾಲೆ, ಆಸ್ಪತ್ರೆ, ಕುಡಿಯುವ ನೀರು ಜಿಲ್ಲಾ ಪರಿಷತ್ತಿನ ಕೈಗೆ ಬಂದವು. ಅದರ ಮುಖ್ಯ ಕಾರ್ಯದರ್ಶಿ ಡಿಸಿಯವರಿಗಿಂತ ಹಿರಿಯ ಅಧಿಕಾರಿ! ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಬಹಳ ದಿನ ಯಾರೂ ನಂಬಲಿಲ್ಲ. ಆ ವ್ಯವಸ್ಥೆ ಹೆಚ್ಚು ಕಾಲ ಉಳಿಯಲಿಲ್ಲ. ಸಂವಿಧಾನದ 73ನೇ ತಿದ್ದುಪಡಿಯಾಗಿ, 1993ರ ಕಾಯ್ದೆಯಿಂದ ಈಗಿನ ಗ್ರಾಮ ಪಂಚಾಯಿತಿ ಬಂತು.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಜಗಳೂರು ಚಿತ್ರದುರ್ಗದಿಂದ ಬಂತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ. ತಮಾಷೆಯೆಂದರೆ, ಚನ್ನಗಿರಿ, ನ್ಯಾಮತಿಯವರಿಗೆ ಹೊಸ ಜಿಲ್ಲಾ ಕೇಂದ್ರಕ್ಕಿಂತ ಹಳೆಯ ಶಿವಮೊಗ್ಗವೇ ಹತ್ತಿರ. ಜಿಲ್ಲೆ ಚಿಕ್ಕದಾಯಿತು, ಬಸ್ ಚಾರ್ಜು ದೊಡ್ಡದಾಯಿತು. ಕಾಗದಪತ್ರಕ್ಕೆ ದಾವಣಗೆರೆ, ಕಾಯಿಲೆ ಕಸಾಲೆಗೆ ಶಿವಮೊಗ್ಗ ಎಂದು ನ್ಯಾಮತಿ ಕಡೆಯವರು ಓಡಾಡುವುದನ್ನು ನೋಡಿದ್ದೇನೆ. 2017ರಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಸೇರಿ, ಹೊನ್ನಾಳಿಗೆ ಹೋಗುವ ತಿರುಗಾಟವಾದರೂ ಕಡಿಮೆಯಾಯಿತು. ನನ್ನ ಮಟ್ಟಿಗೆ ಅದಕ್ಕಿಂತ ಉಪಕಾರವಾದದ್ದು ಹೋಬಳಿಯ ನಾಡಕಚೇರಿ. ಜಾತಿ, ಆದಾಯ ಪತ್ರಗಳು ಅಲ್ಲಿಯೇ ಸಿಗುತ್ತವೆ.

ಆದರೆ ಕಚೇರಿ ಬಂದಷ್ಟು ಬೇಗ ಹಣ ಬರಲಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ತೆರಿಗೆ ಹಾಕುವ ಅಧಿಕಾರವೇ ಇಲ್ಲ. ಮೇಲಿಂದ ಬರುವ ಅನುದಾನಕ್ಕೆ ಇಂಥದ್ದಕ್ಕೇ ಎಂದು ಮೊದಲೇ ಬಾಬ್ತು ಬರೆದಿರುತ್ತದೆ. ಅದರಲ್ಲಿ ದೊಡ್ಡ ಪಾಲು ನಮ್ಮಂಥ ನೌಕರರ ಸಂಬಳಕ್ಕೆ. ಸಂಬಳ ತಿಂದವನೇ ಈ ಮಾತು ಹೇಳುವುದು ಸರಿಯೋ ತಪ್ಪೋ, ಹೇಳಿದ್ದೇನೆ. ಗ್ರಾಮ ಪಂಚಾಯಿತಿಗೆ ಮನೆ ಕಂದಾಯ, ನೀರಿನ ಕರ ಉಂಟು. ಅದನ್ನು ಕಟ್ಟಲು ನಾವು ಮಾರ್ಚ್ ಕೊನೆವರೆಗೆ ಕಾಯುತ್ತೇವೆ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ನಡೆಸಿಕೊಂಡು ಹೋದರು.

ಅಂಥದ್ದೇ ದಿನಗಳಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ನಾಡಕಚೇರಿ ಬಾಗಿಲಲ್ಲಿ ಸಿಕ್ಕಳು. ಮಗನ ಆದಾಯ ಪತ್ರಕ್ಕೆ ಅರ್ಜಿ ಕೊಟ್ಟು ಅಡಿಕೆ ಸುಲಿಯುವ ಕೆಲಸಕ್ಕೆ ಹೊರಟಿದ್ದಳು.

"ಕೂಲಿ ತಪ್ಪಿತೇನಮ್ಮಾ?"

"ಇಲ್ಲ ಸಾರ್, ಒಂದು ತಾಸು ತಡ ಅಷ್ಟೆ." ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು. "ಸಾರ್, ಸ್ಕೂಲ್ ದಾರೀಲಿ ಮೋರಿ ಕುಸಿದೈತೆ. ಪಂಚಾಯ್ತಿಲಿ ಅಷ್ಟು ದುಡ್ಡಿಲ್ಲ ಅಂತಾರೆ. ಮೇಲೆ ಮೆಂಬರ್ರೇ ಇಲ್ವಲ್ಲ, ಯಾರಿಗೆ ಕೊಡ್ಲಿ ಅರ್ಜಿ?"