ಜೀತ, ಪೆರೂಜದ ಅರ್ಥದಲ್ಲಿ

ಇಟಲಿಯ ಪೆರೂಜಕ್ಕೆ ಓದಲು ಹೋದ ಎರಡನೇ ವಾರ. ಶುಕ್ರವಾರದ ಕೊನೆಯ ತರಗತಿ ಮುಗಿದಿತ್ತು. ಪೋಲೆಂಡಿನ ಹುಡುಗಿಯೊಬ್ಬಳು ನನ್ನ ಬೆಂಚಿನ ಹತ್ತಿರ ಬಂದು, ಅವಳಷ್ಟೇ ಹೊಸಬಳಾಗಿದ್ದ ನನಗೆ ಅರ್ಥವಾಗುವಷ್ಟು ನಿಧಾನವಾಗಿ ಇಟಾಲಿಯನ್‌ನಲ್ಲಿ ಕೇಳಿದಳು. ಭಾನುವಾರ ನಾವು ನಾಲ್ಕು ಜನ ಹೋಗುತ್ತಿದ್ದೇವೆ, ಬರುತ್ತೀಯಾ? ಎಲ್ಲಿಗೆ ಅಂದೆ. ಊರಿನ ಹೆಸರು ನನ್ನ ಕಿವಿಗೆ ಬೀಳಲೇ ಇಲ್ಲ. ಅದಕ್ಕೂ ಮೊದಲು ಅವಳು ಹೇಳಿದ ಇನ್ನೊಂದು ಪದದಲ್ಲೇ ನಾನು ನಿಂತುಬಿಟ್ಟಿದ್ದೆ: ಜೀತ.

ಒಂದು ದಿನದ ಮಟ್ಟಿಗೆ ಊರಾಚೆ ಹೋಗಿ ಸಂಜೆಗೆ ಮರಳುವುದನ್ನು ಇಟಲಿಯಲ್ಲಿ ಹಾಗೆನ್ನುತ್ತಾರೆ. ಅವರ ಅಕ್ಷರಗಳಲ್ಲಿ ಬರೆದದ್ದನ್ನು ನಮ್ಮವರು ನೋಡಿದರೆ ‘ಗೀತಾ’ ಎಂದು ಓದುತ್ತಾರೆ. ಆದರೆ ಉಚ್ಚಾರ ನಮ್ಮದೇ ಜೀತ, ಒಂದಿಷ್ಟೂ ವ್ಯತ್ಯಾಸವಿಲ್ಲ. ಜೀಕಾರ ದೀರ್ಘ, ಕೊನೆಯ ಸ್ವರ ಹ್ರಸ್ವ. ಇಂಗ್ಲಿಷಿನವರ ಹಾಗೆ ಇಟಲಿಯವರು ತಕಾರವನ್ನು ಟಕಾರದ ಕಡೆಗೆ ಎಳೆಯುವುದಿಲ್ಲ, ಅವರ ನಾಲಿಗೆಯೂ ಹಲ್ಲಿಗೇ ತಾಗುತ್ತದೆ. ಜರ್ಮನಿಯಿಂದ, ಕೊರಿಯಾದಿಂದ ಬಂದವರು ಬಾಯಿ ತಿರುಗಿಸಿ ತಿರುಗಿಸಿ ಕಲಿತ ಆ ಪದವನ್ನು ನಾನು ಮೊದಲ ಸಲಕ್ಕೇ ಸ್ಪಷ್ಟವಾಗಿ ಹೇಳಿದೆ. ಮೇಷ್ಟ್ರು ಮೆಚ್ಚಿಕೊಂಡರು. ಆ ಪದ ನನ್ನ ಮನೆಯಲ್ಲಿ ಎರಡು ತಲೆಮಾರಿನಿಂದ ಇದೆ ಎಂದು ಅವರಿಗೆ ಹೇಳುವಷ್ಟು ಇಟಾಲಿಯನ್ ನನಗಿನ್ನೂ ಬಂದಿರಲಿಲ್ಲ.

ನಮ್ಮ ತಾತ ಜೀತಕ್ಕಿದ್ದವರು. ಅವರಪ್ಪ ಮಾಡಿದ್ದ ಸಾಲಕ್ಕೆ ಹುಡುಗನಾಗಿದ್ದಾಗಲೇ ಅವರನ್ನು ಪಕ್ಕದೂರಿನ ದೊಡ್ಡ ಮನೆಯಲ್ಲಿ ಬಿಟ್ಟರು. ಮದುವೆಯಾಗಿ ಅವ್ವ ಹುಟ್ಟಿದ ಮೇಲೂ ಅವರು ಮಲಗುತ್ತಿದ್ದದ್ದು ಆ ಮನೆಯ ಕೊಟ್ಟಿಗೆಯಲ್ಲೇ. ಜೀತವನ್ನು ನಿಷೇಧಿಸುವ ಕಾಯ್ದೆ ಬಂದದ್ದು 1976ರಲ್ಲಿ. ತಾತ ಬಿಡಿಸಿಕೊಂಡು ಬಂದದ್ದು ಅದಾದ ಮೇಲೆ.

ನಿಘಂಟು ತೆರೆದರೆ ಈ ಪದದ ಹುಟ್ಟು ಇಷ್ಟು ಕಹಿಯಾಗಿಲ್ಲ. ಸಂಸ್ಕೃತದ ‘ಜೀವಿತ’ ಸವೆದು ಜೀತವಾಯಿತು. ಹಳಗನ್ನಡದಲ್ಲಿ ಅದಕ್ಕೆ ಸಂಬಳ, ಬದುಕಿಗೆ ಆಧಾರ ಎಂಬ ಅರ್ಥ. ತೆಲುಗಿನವರು ಇವತ್ತಿಗೂ ತಿಂಗಳ ಸಂಬಳಕ್ಕೆ ‘ಜೀತಂ’ ಎಂದೇ ಹೇಳುತ್ತಾರೆ, ಅದರಲ್ಲಿ ಯಾವ ಅವಮಾನವೂ ಇಲ್ಲ. ಕನ್ನಡದಲ್ಲಿ ಮಾತ್ರ ಆ ಪದ ಕೂಲಿಯನ್ನು ಕಳೆದುಕೊಂಡು ದುಡಿಮೆಯನ್ನಷ್ಟೇ ಉಳಿಸಿಕೊಂಡಿತು. ಜೀವ ಎಂಬ ಬೇರಿನಿಂದ ಹೊರಟ ಪದ ಹೀಗೆ ಬಂದು ನಿಂತದ್ದು ನನಗೆ ಈಗಲೂ ಸಂಕಟ ತರುತ್ತದೆ.

ಇಟಲಿಯ ಜೀತದ ಬೇರು ಬೇರೆ. ‘ಜೀರೆ’ ಎಂದರೆ ಹೋಗು. ಲ್ಯಾಟಿನ್ನಿನ ‘ಈರೆ’ಯಿಂದ ಬಂದ ಈ ಕ್ರಿಯಾಪದ ಇಂದಿನ ಶಿಷ್ಟ ಇಟಾಲಿಯನ್‌ನಲ್ಲಿ ಬಳಕೆ ತಪ್ಪಿದೆ, ಹಳೆಯ ಕಾವ್ಯದಲ್ಲಿ ಸಿಗುತ್ತದೆ. ಅದರ ಕೃದಂತವೇ ಜೀತ: ಹೋದದ್ದು, ಹೋಗುವಿಕೆ. ತಾಯಿ ಕ್ರಿಯಾಪದ ಸತ್ತು ಮಗಳು ಬದುಕಿದೆ ಎಂದು ಮೇಷ್ಟ್ರು ವಿವರಿಸಿದರು. ನಾನೂ ಹಾಗೆಯೇ ಬರೆದುಕೊಂಡೆ. ಆದರೆ ಕೆಲವೇ ದಿನಗಳಲ್ಲಿ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜಿ, ಬೆಂಚಿನಿಂದ ಏಳಲು ತಡಮಾಡುತ್ತಿದ್ದ ಗಂಡನಿಗೆ ‘ಜೀಮೊ, ಜೀಮೊ’ ಅಂದರು. ಹೋಗೋಣ, ಹೋಗೋಣ. ಪುಸ್ತಕದಲ್ಲಿ ಸತ್ತ ಮಾತು ಪೆರೂಜವಿರುವ ಉಂಬ್ರಿಯ ಪ್ರಾಂತದ ಆಡುಭಾಷೆಯಲ್ಲಿ ಕೈಚೀಲ ಹಿಡಿದುಕೊಂಡು ಬಸ್ಸು ಹತ್ತುತ್ತಿತ್ತು. ನಮ್ಮ ಹಳ್ಳಿಗಳಲ್ಲೂ ಹೀಗೆ ಎಷ್ಟೋ ಹಳೆಯ ಕನ್ನಡ ಯಾರ ಗಮನಕ್ಕೂ ಬಾರದೆ ಬದುಕಿಕೊಂಡಿದೆ. ಆ ಅಜ್ಜಿಯನ್ನು ತಡೆದು ಮಾತಾಡಿಸಬೇಕಿತ್ತು ಎಂದು ಆಮೇಲೆ ಅನ್ನಿಸಿತು.

ಜೀತದ ಜೊತೆಗೆ ಸಾಮಾನ್ಯವಾಗಿ ಇನ್ನೆರಡು ಮಾತು ಬರುತ್ತವೆ: ‘ಫ್ವೋರಿ ಪೋರ್ತ’, ಬಾಗಿಲಾಚೆ. ಯಾವ ಬಾಗಿಲು ಎಂದು ಪೆರೂಜದಲ್ಲಿ ಯಾರೂ ಕೇಳಬೇಕಾಗಿಲ್ಲ. ವಿದೇಶೀಯರಿಗೆ ಇಟಾಲಿಯನ್ ಕಲಿಸಲೆಂದು 1921ರಲ್ಲಿ ಆರಂಭವಾದ ನಮ್ಮ ಸಂಸ್ಥೆಯ ಕಟ್ಟಡದ ಎದುರಿಗೇ, ಎರಡು ಸಾವಿರ ವರ್ಷಕ್ಕೂ ಹಳೆಯದಾದ ಎಟ್ರಸ್ಕನ್ನರ ಹೆಬ್ಬಾಗಿಲು ನಿಂತಿದೆ. ಗಾರೆಯಿಲ್ಲದೆ ಜೋಡಿಸಿದ ದೊಡ್ಡ ದೊಡ್ಡ ಕಲ್ಲು. ಅದರ ಕೆಳಗೆ ಇವತ್ತೂ ಜನ ತರಕಾರಿ ಹಿಡಿದು ಹತ್ತಿ ಇಳಿಯುತ್ತಾರೆ. ಬೆಟ್ಟದ ಮೇಲಿನ ಕೋಟೆಯೂರುಗಳಲ್ಲಿ ಬಾಗಿಲಾಚೆ ಎಂದರೆ ಹೊಲ, ಆಲಿವ್ ತೋಟ, ಗಾಳಿ. ಈಸ್ಟರ್ ಮಾರನೆಯ ಸೋಮವಾರ, ಅವರು ‘ಪಾಸ್ಕ್ವೆತ್ತ’ ಎನ್ನುವ ದಿನ, ಇಡೀ ದೇಶವೇ ಹೀಗೆ ಬಾಗಿಲಾಚೆ ಹೊರಡುತ್ತದೆ. ಕ್ರಿಸ್ಮಸ್ ನಿನ್ನವರ ಜೊತೆ, ಈಸ್ಟರ್ ನಿನಗೆ ಬೇಕಾದವರ ಜೊತೆ ಎಂಬ ಗಾದೆಯೂ ಇದೆ. ಮನೆಯಿಂದ ಏಳು ಸಾವಿರ ಕಿಲೋಮೀಟರ್ ದೂರವಿದ್ದ ನನ್ನಂಥವಳಿಗೆ ಆ ಗಾದೆಯ ಎರಡನೆಯ ಅರ್ಧ ದೊಡ್ಡ ಆಸರೆಯಾಗಿತ್ತು.

ಶಾಲೆಗಳ ಅಧಿಕೃತ ಕಾಗದಗಳಲ್ಲಿ ಈಗ ಈ ಪದ ಕಡಿಮೆ. ಅಲ್ಲಿ ‘ಶೈಕ್ಷಣಿಕ ಪ್ರಯಾಣ’ ಎಂಬರ್ಥದ ಉದ್ದ ಹೆಸರು ಇರುತ್ತದೆ. ಮಕ್ಕಳು ಕೇಳುವುದು ಮಾತ್ರ ಜೀತ ಯಾವಾಗ ಎಂದೇ.

ನಮ್ಮ ಮೊದಲ ಜೀತ ಸ್ಪೆಲ್ಲೊ ಎಂಬ ಪುಟ್ಟ ಊರಿಗೆ. ಫೊಲಿನ್ಯೊ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು, ಅಸ್ಸೀಸಿ ದಾಟಿದರೆ ಸ್ಪೆಲ್ಲೊ. ಕಿಟಕಿಯಾಚೆ ಸುಬಾಸಿಯೊ ಬೆಟ್ಟ, ಅದರ ಇಳಿಜಾರಿನ ತುಂಬ ಬೂದಿ ಬಣ್ಣದ ಆಲಿವ್ ಮರ. ಊರಿನ ರೋಮನ್ ಬಾಗಿಲಿನಲ್ಲಿ ಒಳಹೊಕ್ಕು, ಮೇಲಿನ ತುದಿಯಲ್ಲಿ ಹೊರಬಿದ್ದು, ರೋಮನ್ನರು ನೀರು ತಂದಿದ್ದ ಹಳೆಯ ಕಾಲುವೆಯ ಗೋಡೆಗುಂಟ ಕೊಲ್ಲೆಪಿನೊ ಎಂಬ ಹಳ್ಳಿಯವರೆಗೆ ನಡೆದೆವು. ಕಾರ್ಪಸ್ ಡೊಮಿನಿ ಹಬ್ಬಕ್ಕೆ ಸ್ಪೆಲ್ಲೊದ ಬೀದಿಗಳಲ್ಲಿ ಹೂವಿನ ಎಸಳುಗಳಿಂದಲೇ ಚಿತ್ರ ಬಿಡಿಸುತ್ತಾರೆ, ರಾತ್ರಿಯಿಡೀ ಮಂಡಿಯೂರಿ. ನಾವು ಹೋದಾಗ ಅಕ್ಟೋಬರ್, ಹೂವಿರಲಿಲ್ಲ. ಬರಿಯ ಕಲ್ಲಿನ ಬೀದಿಯೇ ಸಾಕಾಗಿತ್ತು.

ಜೀತಕ್ಕೆ ಒಯ್ಯುವ ಊಟಕ್ಕೆ ಅವರಲ್ಲಿ ‘ಚೀಲದ ಊಟ’ ಎಂಬರ್ಥದ ಮಾತಿದೆ. ಸ್ನೇಹಿತರಿಗೆ ನಾನು ‘ಬುತ್ತಿ’ ಕಲಿಸಿದೆ. ಬ್ರೆಜಿಲಿನ ಹುಡುಗ ಅದನ್ನು ‘ಬೂತಿ’ ಮಾಡಿಕೊಂಡ, ಇರಲಿ. ನಮ್ಮ ಬುತ್ತಿಯಲ್ಲಿ ಯಾವಾಗಲೂ ಉಂಬ್ರಿಯದ ‘ತೋರ್ತ ಆಲ್ ತೆಸ್ತೊ’. ಹಿಟ್ಟು, ನೀರು, ಉಪ್ಪು, ಒಂದಿಷ್ಟು ಸೋಡ ಕಲಸಿ ದಪ್ಪಗೆ ತಟ್ಟಿ ಬೇಯಿಸಿದ ರೊಟ್ಟಿ, ಒಳಗೆ ಬಾಡಿಸಿದ ಸೊಪ್ಪು. ತೆಸ್ತೊ ಎಂದರೆ ಅದನ್ನು ಬೇಯಿಸುವ ಹೆಂಚು. ಈಗ ಕಬ್ಬಿಣದ್ದು, ಮೂಲದಲ್ಲಿ ಮಣ್ಣಿನದು. ನಮ್ಮ ಮನೆಯಲ್ಲೂ ಹಾಗೆಯೇ. ಅಂಗಡಿಯಲ್ಲಿ ರೊಟ್ಟಿ ಸುಡುವಾಕೆ ಅಂಚು ಸೀಯದಂತೆ ಬರಿಗೈಯಲ್ಲೇ ತಿರುಗಿಸುತ್ತಿದ್ದುದನ್ನು ನೋಡುತ್ತ ನಿಂತರೆ ನನಗೆ ರೈಲಿನ ನೆನಪೂ ಇರುತ್ತಿರಲಿಲ್ಲ.

ಆಮೇಲೆ ಎಷ್ಟೋ ಭಾನುವಾರ. ತ್ರಾಸಿಮೆನೊ ಸರೋವರ, ಕ್ರಿ.ಪೂ. 217ರಲ್ಲಿ ಹ್ಯಾನಿಬಲ್ ರೋಮನ್ ಸೈನ್ಯವನ್ನು ಮುಗಿಸಿದ ಅದರ ದಡ, ದೋಣಿ ಹತ್ತಿ ಹೋಗುವ ದ್ವೀಪ. ಗುಬ್ಬಿಯೊ. ಮತ್ತೆ ಸ್ಪೆಲ್ಲೊ. ಊರು ಯಾವುದಾದರೂ ನಮ್ಮ ಲೆಕ್ಕ ಒಂದೇ: ರಾತ್ರಿ ತಂಗದೆ ಸಂಜೆಗೆ ಮರಳುವುದು. ಪದದ ಬೇರಿನಲ್ಲಿ ಹೋಗುವುದಷ್ಟೇ ಇದೆ, ಬಳಕೆಯಲ್ಲಿ ಮರಳುವುದೂ ಸೇರಿಕೊಂಡಿದೆ. ಕನ್ನಡದವರು ಹೊಸಿಲು ದಾಟುವಾಗ ಬರೀ ‘ಹೋಗ್ತೀನಿ’ ಅನ್ನುವುದಿಲ್ಲವಲ್ಲ, ‘ಹೋಗಿ ಬರ್ತೀನಿ’ ಅನ್ನುತ್ತೇವೆ. ಜೀತವನ್ನು ಕನ್ನಡಕ್ಕೆ ತರಬೇಕೆಂದರೆ ಟ್ರಿಪ್ಪೂ ಪ್ರವಾಸವೂ ಬೇಡ, ‘ಹೋಗಿಬರೋದು’ ಅಂದರೆ ಸರಿಹೋಗುತ್ತದೆ ಎಂದು ನನ್ನ ನೋಟುಬುಕ್ಕಿನಲ್ಲಿ ಬರೆದಿದ್ದೇನೆ.

ಆ ಮೊದಲ ಭಾನುವಾರದ ಹಿಂದಿನ ರಾತ್ರಿ ಅವ್ವನಿಗೆ ಫೋನು ಮಾಡಿದ್ದೆ. ಇಲ್ಲೊಂದು ಪದ ಸಿಕ್ಕಿದೆ ಕಣವ್ವ ಎಂದು ಉತ್ಸಾಹದಿಂದ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: “ನಿಮ್ಮ ತಾತನ್ನ ಯುಗಾದಿಗೆ ಒಂದಿನ ಬಿಡೋರು. ಬೆಳಿಗ್ಗೆ ಬರೋರು, ಉಂಡು ನನ್ನ ಎತ್ಕಂಡು ಹೊಲದ ತಾವ ಅಡ್ಡಾಡ್ಕಂಡು ಬರೋರು. ದೀಪ ಹಚ್ಚೋ ಹೊತ್ಗೆ ಆ ಕೊಟ್ಟಿಗೇಲಿರಬೇಕಿತ್ತು.”

ಒಂದು ಹಗಲು, ಊರಾಚೆಯ ಹೊಲ, ಕತ್ತಲಾಗುವ ಮುಂಚೆ ವಾಪಸ್ಸು. ತಾತನಿಗೂ ವರ್ಷಕ್ಕೊಂದು ಇತ್ತು.

ಅವ್ವ ಆ ಪದವನ್ನು ನನ್ನ ಅರ್ಥದಲ್ಲಿ ಒಮ್ಮೆಯೂ ಬಳಸಲಿಲ್ಲ. ನಾನೂ ಮತ್ತೆ ಫೋನಿನಲ್ಲಿ ಹೇಳಲಿಲ್ಲ. ಶನಿವಾರ ರಾತ್ರಿ ಅವಳು ಕೇಳುತ್ತಿದ್ದದ್ದು ಇಷ್ಟೇ: “ನಾಳೀಕೆ ಯಾವೂರು? ಬುತ್ತಿಗೇನು ಮಾಡ್ಕಂಡೆ?” ನಾನು ಊರಿನ ಹೆಸರು ಹೇಳುತ್ತಿದ್ದೆ, ಅವಳು ಅದನ್ನು ಒಂದು ಸಲ ಬಾಯಲ್ಲಿ ಹೇಳಿ ನೋಡುತ್ತಿದ್ದಳು. “ಹೋಗ್ಬತ್ತೀನಿ ಕಣವ್ವ” ಎಂದು ಫೋನು ಇಡುತ್ತಿದ್ದೆ.